ಶಟಲ್ ಕಲಿಸುವುದು ಹೇಗೆ: ಮಾತು ಕಡಿಮೆ, ಕಾಕ್ ಜಾಸ್ತಿ

ಸಂಜೆ ಐದೂವರೆಗೆ ಯಾವುದೇ ಊರಿನ ಶಟಲ್ ಬ್ಯಾಡ್ಮಿಂಟನ್ ಹಾಲ್ ಮುಂದೆ ನಿಂತು ನೋಡಿ. ಒಳಗಿಂದ ಒಂದೇ ಮಾತು ಕೇಳುತ್ತದೆ. "ರಿಸ್ಟ್! ರಿಸ್ಟ್ ಹಾಕೋ! ಎಷ್ಟು ಸಲ ಹೇಳ್ಬೇಕು?" ರಿಸ್ಟ್ ಅಂದರೆ ಮಣಿಕಟ್ಟು. ಹುಡುಗ ತಲೆ ಅಲ್ಲಾಡಿಸುತ್ತಾನೆ. ಮುಂದಿನ ಕಾಕ್ ಮತ್ತೆ ನೆಟ್ಟಿಗೆ. ಕೋಚ್ ಇನ್ನೂ ಜೋರಾಗಿ ಕೂಗುತ್ತಾರೆ, ಹುಡುಗ ಇನ್ನೂ ಬಿಗಿಯಾಗಿ ಬ್ಯಾಟ್ ಹಿಡಿಯುತ್ತಾನೆ, ಕಾಕ್ ಇನ್ನೂ ಕೆಳಗೆ ಹೋಗುತ್ತದೆ. ನಾನೂ ಮೊದಲ ಎರಡು ವರ್ಷ ಹೀಗೇ ಕೂಗಿದವನು. ಗಂಟಲು ಕಟ್ಟಿತೇ ಹೊರತು ಒಬ್ಬರಿಗೂ ಕ್ಲಿಯರ್, ಅಂದರೆ ಕಾಕನ್ನು ಎತ್ತರಕ್ಕೆ ಎದುರಿನ ಹಿಂದಿನ ಗೆರೆ ತನಕ ಕಳಿಸುವ ಹೊಡೆತ, ಬರಲಿಲ್ಲ.

ಎಂಟರಿಂದ ಹದಿಮೂರು ವರ್ಷದ ಹತ್ತು ಹನ್ನೆರಡು ಮಕ್ಕಳು ಕೈಗೆ ಸಿಕ್ಕಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಶಾಲೆಯ ಪಿ.ಟಿ. ಮೇಷ್ಟ್ರು ಇರಬಹುದು, ಅಪಾರ್ಟ್‌ಮೆಂಟಿನಲ್ಲಿ "ಅಂಕಲ್, ನಮಗೂ ಹೇಳ್ಕೊಡಿ" ಅಂತ ಮಕ್ಕಳು ಹಿಂದೆ ಬಿದ್ದವರಿರಬಹುದು, ಜಿಲ್ಲಾ ಮಟ್ಟದಲ್ಲಿ ಆಡಿ ಈಗ ಕಲಿಸಲು ಹೊರಟವರಿರಬಹುದು. ಉದಾಹರಣೆ ಎಲ್ಲಾ ಶಟಲ್‌ದೇ. ಆದರೆ ಇದೇ ಕ್ರಮವನ್ನು ವಾಲಿಬಾಲ್‌ಗೋ ಖೋ ಖೋಗೋ ಒಗ್ಗಿಸಿಕೊಳ್ಳುವುದು ಕಷ್ಟವಿಲ್ಲ.

ಮೊದಲು ಕೋರ್ಟನ್ನು ಚಿಕ್ಕದು ಮಾಡಿ

ಶಟಲ್ ಕೋರ್ಟಿನ ಉದ್ದ 13.4 ಮೀಟರ್, ಡಬಲ್ಸ್ ಅಗಲ 6.1 ಮೀಟರ್. ನೆಟ್ ನಡುವೆ 1.524 ಮೀಟರ್ ಎತ್ತರ. ಇದೆಲ್ಲ ಬೆಳೆದವರ ಅಳತೆ. ಎಂಟು ವರ್ಷದ ಮಗುವಿನ ಕಣ್ಣಿಗೆ ನೆಟ್ ಒಂದು ಕಾಂಪೌಂಡ್ ಗೋಡೆ. ಆ ಗೋಡೆ ದಾಟಿಸಬೇಕು ಅಂತ ಮಗು ಭುಜ, ಸೊಂಟ ಎಲ್ಲಾ ತಿರುಚಿ ಹೊಡೆಯುತ್ತದೆ. ಆ ತಿರುಚುವಿಕೆಯೇ ಮುಂದೆ ನೀವು ವರ್ಷಗಟ್ಟಲೆ ತಿದ್ದಬೇಕಾದ ಅಭ್ಯಾಸವಾಗುತ್ತದೆ.

ಕಿಟಕಿ ಸರಳಿನಿಂದ ಕಂಬಕ್ಕೆ ಮಗುವಿನ ಭುಜದ ಎತ್ತರಕ್ಕೆ ಒಂದು ನೂಲು ಹಗ್ಗ ಕಟ್ಟಿ. ಅದೇ ನೆಟ್. ಒಂದು ಕೋರ್ಟನ್ನು ಉದ್ದಕ್ಕೆ ಸೀಳಿ ಎರಡು ಮಾಡಿ. ಆಗ ಒಂದೇ ಕೋರ್ಟಿನಲ್ಲಿ ನಾಲ್ಕು ಮಕ್ಕಳು ಒಬ್ಬರಿಗೊಬ್ಬರು ಎದುರಾಗಿ ಆಡಬಹುದು. ಸಾಲಿನಲ್ಲಿ ನಿಂತು ಕಾಯುವ ಮಗು ಏನೂ ಕಲಿಯುವುದಿಲ್ಲ, ಪಕ್ಕದವಳ ಜಡೆ ಎಳೆಯುವುದನ್ನು ಬಿಟ್ಟು.

ಕಾಕ್ ವಿಷಯ. ಕಲಿಯುವವರಿಗೆ ಗರಿಯ ಕಾಕ್ ಬೇಡ, ನೈಲಾನ್ ಸಾಕು. ನೈಲಾನ್ ಕಾಕ್‌ನ ಬುಡದ ಪಟ್ಟಿಯ ಬಣ್ಣ ನೋಡಿ ಕೊಳ್ಳಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಚಿಕ್ಕವರಿಗೆ ಹಸಿರು ಹುಡುಕಿ, ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಇರುತ್ತದೆ, ಮಗುವಿಗೆ ಅದರ ಕೆಳಗೆ ಬಂದು ನಿಲ್ಲಲು ಸಮಯ ಸಿಗುತ್ತದೆ. ಗರಿಯದಕ್ಕೆ ಹೋದಾಗ ಡಬ್ಬಿಯ ಮೇಲಿನ ನಂಬರ್ ನೋಡಬೇಕು. ನಂಬರ್ ಕಡಿಮೆಯಾದಷ್ಟೂ ನಿಧಾನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಕಾಕ್ ಓಡುತ್ತದೆ. ಮಂಗಳೂರಿನಲ್ಲಿ ಅಳತೆಗೆ ಸರಿಯಾಗಿ ಬೀಳುತ್ತಿದ್ದ ಕ್ಲಿಯರ್ ಇಲ್ಲಿ ಗೆರೆ ದಾಟಿ ಆಚೆ ಬೀಳುವುದು ಇದಕ್ಕೇ. ಪಂದ್ಯಕ್ಕೆ ಬಂದ ಕರಾವಳಿ ಮಕ್ಕಳಿಗೆ ಬೈಯಬೇಡಿ ಮಾರಾಯ್ರೇ, ಒಂದು ಅರ್ಧ ಗಂಟೆ ಆಡಲು ಬಿಡಿ. ವೇಗ ಪರೀಕ್ಷಿಸಲು ನಿಯಮದಲ್ಲೇ ದಾರಿ ಇದೆ. ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲದಲ್ಲಿ ಹೊಡೆದರೆ ಕಾಕ್ ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬೀಳಬೇಕು.

ಮೊದಲ ದಿನ ಸುಮ್ನೆ ಆಡಲು ಬಿಡಿ

ಹೊಸ ಕೋಚ್‌ಗಳು ಮೊದಲ ದಿನವೇ ಗ್ರಿಪ್, ಸ್ಟಾನ್ಸ್, ಸ್ವಿಂಗ್ ಅಂತ ಪಾಠ ಶುರು ಮಾಡುತ್ತಾರೆ. ನಾನು ಒಂದು ಬೇಸಿಗೆ ಶಿಬಿರದಲ್ಲಿ ಮೊದಲ ವಾರ ಪೂರ್ತಿ ಬರೀ ಗ್ರಿಪ್ ಹಿಡಿಸಿದೆ. ಎರಡನೇ ವಾರ ನಾಲ್ಕು ಮಕ್ಕಳು ಬರಲಿಲ್ಲ. ಒಬ್ಬನನ್ನು ಬೇಕರಿ ಹತ್ತಿರ ಕಂಡು ಯಾಕೋ ಅಂದರೆ, "ಸಾರ್, ಅಲ್ಲಿ ಆಡಿಸೋದೇ ಇಲ್ವಲ್ಲ" ಅಂದ. ಸರಿಯಾಗೇ ಹೇಳಿದ.

1982ರಲ್ಲಿ ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್, ರಾಡ್ ಥಾರ್ಪ್ ಅನ್ನುವ ಇಬ್ಬರು ಇದನ್ನೇ ಒಂದು ಪದ್ಧತಿಯಾಗಿ ಬರೆದರು. ಹೊಡೆತ ಕಲಿಸಿ ಆಮೇಲೆ ಆಟಕ್ಕೆ ಬಿಡುವ ಬದಲು, ಮೊದಲು ಚಿಕ್ಕ ಆಟ ಆಡಿಸಿ, ಆ ಆಟದಲ್ಲಿ ಮಗುವಿಗೆ ಯಾವ ಹೊಡೆತ ಇಲ್ಲದೆ ಕಷ್ಟವಾಗುತ್ತದೋ ಅದನ್ನು ಆಮೇಲೆ ಕಲಿಸಿ ಅನ್ನುವುದು ಅವರ ಮಾತು. ಹಸಿವಾದ ಮೇಲೆ ಊಟ ಬಡಿಸಿದ ಹಾಗೆ.

ಅರ್ಧ ಕೋರ್ಟ್, ಹಗ್ಗದ ನೆಟ್, ಒಂದೇ ನಿಯಮ: ಎದುರಿನವರಿಗೆ ಸಿಗದ ಕಡೆ ಹಾಕಬೇಕು. ಹತ್ತು ನಿಮಿಷ ಆಡಿಸಿ. ನೀವು ಕೈಕಟ್ಟಿ ಗೋಡೆಗೆ ಒರಗಿ ನೋಡಿ. ಯಾರು ಕಾಕ್ ಬಂದ ಮೇಲೆ ಓಡುತ್ತಾರೆ, ಯಾರು ಬರುವ ಮುಂಚೆಯೇ ಅಲ್ಲಿರುತ್ತಾರೆ? ಯಾರ ಕಣ್ಣು ಕಾಕ್ ಮೇಲೆ, ಯಾರ ಕಣ್ಣು ನಿಮ್ಮ ಮೇಲೆ? ನಿಮ್ಮನ್ನು ನೋಡುವ ಮಗುವನ್ನು ಬೇರೆಲ್ಲೋ ಯಾರೋ ಚೆನ್ನಾಗಿ ಬೈದಿದ್ದಾರೆ ಅಂತ ಅರ್ಥ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದೇ ಸಾಲು ಬರೆದಿಡಿ. ಹತ್ತು ತಪ್ಪು ಕಾಣುತ್ತದೆ, ಒಂದನ್ನೇ ಬರೆಯಿರಿ.

ಹತ್ತು ನಿಮಿಷ ಆದ ಮೇಲೆ ಕೂರಿಸಿ ಕೇಳಿ: "ಪಾಯಿಂಟ್ ಎಲ್ಲಿ ಹಾಕಿದಾಗ ಬಂತು?" ಯಾರಾದರೂ ಒಬ್ಬರು "ಹಿಂದೆ ಹಾಕಿದಾಗ" ಅಂದೇ ಅನ್ನುತ್ತಾರೆ. "ಹಿಂದೆ ಹಾಕಕ್ಕೆ ಆಯ್ತಾ?" "ಇಲ್ಲ ಸಾರ್, ಅಷ್ಟು ದೂರ ಹೋಗಲ್ಲ." ಅಲ್ಲಿಗೆ ಕ್ಲಿಯರ್ ಕಲಿಸಲು ಬಾಗಿಲು ತಾನಾಗಿ ತೆರೆಯಿತು.

ಗ್ರಿಪ್: ಎರಡು ನಿಮಿಷ

ಹೆಚ್ಚಿನ ಮಕ್ಕಳು ಬ್ಯಾಟನ್ನು ದೋಸೆ ಮಗುಚುವ ಸೌಟಿನ ಹಾಗೆ ಹಿಡಿಯುತ್ತಾರೆ, ಬ್ಯಾಟಿನ ಮುಖ ಎದುರಿಗೆ. ಹತ್ತಿರದ ಕಾಕ್ ಇದರಿಂದ ಸುಲಭವಾಗಿ ಸಿಗುತ್ತದೆ, ಅದಕ್ಕೇ ಹಾಗೆ ಹಿಡಿಯುತ್ತಾರೆ, ಮಕ್ಕಳೇನು ದಡ್ಡರಲ್ಲ. ಆದರೆ ಆ ಹಿಡಿತದಲ್ಲಿ ಕೈ ತಿರುಗುವುದಿಲ್ಲ, ದೂರಕ್ಕೆ ಹೋಗುವುದಿಲ್ಲ. ಬ್ಯಾಟಿನ ಅಂಚು ನೆಲದ ಕಡೆಗೆ ಇರುವಂತೆ ಹಿಡಿದು ಚಾಚಿ, "ಇದಕ್ಕೊಂದು ಶೇಕ್‌ಹ್ಯಾಂಡ್ ಕೊಡು" ಅನ್ನಿ. ಮುಗಿಯಿತು. ಬಿಗಿ ಎಷ್ಟು ಅಂತ ಕೇಳಿದರೆ "ಕೋಳಿಮರಿ ಹಿಡಿದ ಹಾಗೆ" ಅನ್ನುತ್ತೇನೆ. ಹಾರಿ ಹೋಗಬಾರದು, ಸಾಯಲೂ ಬಾರದು. ಬ್ಯಾಕ್‌ಹ್ಯಾಂಡ್‌ಗೆ ಹೆಬ್ಬೆರಳು ಹಿಡಿಕೆಯ ಅಗಲದ ಮುಖಕ್ಕೆ ಹೋಗಬೇಕು, ಅದನ್ನು ಮೂರನೇ ವಾರ ನೋಡಿಕೊಳ್ಳೋಣ. ಆಟದ ಮಧ್ಯೆ ಗ್ರಿಪ್ ಮತ್ತೆ ದೋಸೆ ಸೌಟಾಗುತ್ತದೆ. ಆಗಲಿ.

ತೋರಿಸುವಾಗ ಬಾಯಿ ಮುಚ್ಚಿ

ಹೊಡೆಯುತ್ತಾ ವಿವರಿಸುವುದು ನಮ್ಮೆಲ್ಲರ ಚಾಳಿ. "ಈಗ ನೋಡಿ, ಎಡಗೈ ಮೇಲೆ, ಮೊಣಕೈ ಹಿಂದೆ, ಸೊಂಟ ತಿರುಗಿಸಿ..." ಮಕ್ಕಳು ಕಿವಿಗೂ ಕಣ್ಣಿಗೂ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂರು ಸಲ ಮಾತಿಲ್ಲದೆ ಹೊಡೆದು ತೋರಿಸಿ. ಒಮ್ಮೆ ಅವರು ನಿಮ್ಮ ಬೆನ್ನ ಹಿಂದೆ ನಿಂತು ನೋಡಲಿ, ಒಮ್ಮೆ ಪಕ್ಕದಿಂದ, ಒಮ್ಮೆ ನೆಟ್ಟಿನ ಆಚೆಯಿಂದ. ಎಡಗೈ ಮಕ್ಕಳನ್ನು ನಿಮಗೆ ಎದುರಾಗಿ ನಿಲ್ಲಿಸಿ, ಕನ್ನಡಿ ನೋಡಿದ ಹಾಗೆ ಕಾಣುತ್ತದೆ.

ಎಲ್ಲಿ ನೋಡಬೇಕು ಅಂತ ಮುಂಚೆಯೇ ಒಂದು ಪ್ರಶ್ನೆ ಕೊಡಿ: "ನಾನು ಕಾಕನ್ನು ತಲೆಯ ಮುಂದೆ ಹೊಡೀತೀನಾ, ಹಿಂದೆ ಹೊಡೀತೀನಾ?" ಅಷ್ಟೇ. ಇಲ್ಲದಿದ್ದರೆ ಅವರು ನೋಡುವುದು ಕಾಕ್ ಚಾವಣಿಯ ಫ್ಯಾನಿಗೆ ಬಡಿಯಿತಾ ಅಂತ.

ಇನ್ನೊಂದು ಮಾತು. ತೋರಿಸುವವರು ಯಾವಾಗಲೂ ನೀವೇ ಆಗಬೇಕಿಲ್ಲ. ನಿನ್ನೆ ಮೊನ್ನೆ ಕಲಿತ ಒಬ್ಬ ಹುಡುಗನನ್ನು ನಿಲ್ಲಿಸಿ. ಅವನು ಎರಡು ತಪ್ಪಿಸಿ ಮೂರನೆಯದನ್ನು ಸರಿ ಮಾಡಿಕೊಳ್ಳುವುದನ್ನು ನೋಡಿದಾಗ ಉಳಿದವರಿಗೆ ಸಿಗುವುದು ನಿಮ್ಮ ಚಂದದ ಹೊಡೆತದಿಂದ ಸಿಗುವುದಿಲ್ಲ. ಕಲಿಯುವವರು ಕಲಿಯುವವರನ್ನು ನೋಡಿಯೂ ಕಲಿಯುತ್ತಾರೆ.

ಮಾವಿನಕಾಯಿಗೆ ಕಲ್ಲು

ಈಗ ರಿಸ್ಟ್ ಕಥೆಗೆ ಬರೋಣ. ಇದರಲ್ಲಿ ಎರಡು ತಪ್ಪಿದೆ.

ಒಂದು, ಅದು ರಿಸ್ಟೇ ಅಲ್ಲ. ಶಟಲ್‌ನಲ್ಲಿ ಬ್ಯಾಟಿನ ವೇಗದ ದೊಡ್ಡ ಪಾಲು ಬರುವುದು ಭುಜ ಮತ್ತು ಮೊಣಕೈ ಕೆಳಗಿನ ಕೈ ತನ್ನ ಸುತ್ತ ತಾನೇ ತಿರುಗುವುದರಿಂದ, ಬೀಗದ ಕೈ ತಿರುಗಿಸುವಾಗ ತಿರುಗುತ್ತದಲ್ಲ, ಹಾಗೆ. "ರಿಸ್ಟ್" ಅಂತ ಕೂಗಿದರೆ ಮಗು ಮಣಿಕಟ್ಟನ್ನು ಟಾಟಾ ಮಾಡಿದ ಹಾಗೆ ಮಡಿಸುತ್ತದೆ. ಅದರಲ್ಲಿ ಬಲವಿಲ್ಲ, ನೋವು ಮಾತ್ರ ಇದೆ.

ಎರಡು, ದೇಹದ ಯಾವುದೋ ಭಾಗದ ಹೆಸರು ಹೇಳಿದ ತಕ್ಷಣ ಮಗುವಿನ ಗಮನ ಕಾಕ್‌ನಿಂದ ತನ್ನ ಕೈಗೆ ಬರುತ್ತದೆ. ಗೇಬ್ರಿಯೆಲ್ ವುಲ್ಫ್ ಅನ್ನುವ ಸಂಶೋಧಕಿ 1990ರ ದಶಕದ ಕೊನೆಯಿಂದ ಇದನ್ನೇ ಪರೀಕ್ಷಿಸುತ್ತಾ ಬಂದಿದ್ದಾರೆ. ಮೈಯ ಅಂಗದ ಮೇಲೆ ಗಮನ ಇಟ್ಟವರಿಗಿಂತ, ಆ ಚಲನೆಯಿಂದ ಹೊರಗೆ ಏನಾಗಬೇಕು ಅನ್ನುವುದರ ಮೇಲೆ ಗಮನ ಇಟ್ಟವರು ಸಾಮಾನ್ಯವಾಗಿ ಚೆನ್ನಾಗಿ ಮಾಡುತ್ತಾರೆ, ಚೆನ್ನಾಗಿ ಉಳಿಸಿಕೊಳ್ಳುತ್ತಾರೆ. ನೀವೇ ನೋಡಿ, ಮೆಟ್ಟಿಲು ಇಳಿಯುವಾಗ ಮಂಡಿ ಹೇಗೆ ಮಡಿಸುತ್ತಿದ್ದೇನೆ ಅಂತ ಯೋಚಿಸಿದರೆ ಕಾಲು ತೊಡರುತ್ತದೆ ಅಲ್ವಾ?

ಹಾಗಾದರೆ ಏನು ಹೇಳಬೇಕು? ಕ್ಲಿಯರ್ ಕಲಿಸಲು ನಾನು ಹೇಳುವುದು ಒಂದೇ: "ಮಾವಿನಕಾಯಿಗೆ ಕಲ್ಲು ಬೀರು." ಮರದ ಮೇಲಿನ ಗೊಂಚಲಿಗೆ ಕಲ್ಲು ಬೀರುವ ಹುಡುಗನನ್ನು ನೋಡಿ. ಯಾರೂ ಕಲಿಸದೆ ಅಡ್ಡ ತಿರುಗಿ ನಿಲ್ಲುತ್ತಾನೆ, ಎಡಗೈ ತಾನಾಗಿ ಗೊಂಚಲಿನ ಕಡೆ ಏಳುತ್ತದೆ, ಭಾರ ಹಿಂಗಾಲಿನಿಂದ ಮುಂಗಾಲಿಗೆ ಬರುತ್ತದೆ, ಮೊಣಕೈ ಮೊದಲು ಮುಂದೆ ಬಂದು ಕೈ ಆಮೇಲೆ ಚಾಟಿಯ ಹಾಗೆ ಬರುತ್ತದೆ, ಕಲ್ಲು ತಲೆಯ ಮೇಲೆ ತುಸು ಮುಂದೆ ಕೈ ಬಿಡುತ್ತದೆ. ಕ್ಲಿಯರ್‌ಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ಐದು ಸೂಚನೆ ಒಂದು ಮಾತಿನಲ್ಲಿ ಹೋಯಿತು.

ಕಲ್ಲು ಬೀರಿ ಗೊತ್ತಿಲ್ಲದ ಮಕ್ಕಳೂ ಈಗ ಬರುತ್ತಾರೆ, ಪೇಟೆಯಲ್ಲಂತೂ ಜಾಸ್ತಿ. ಅವರಿಗೆ ಬ್ಯಾಟ್ ಕೊಡುವ ಮುಂಚೆ ಗರಿ ಉದುರಿದ ಹಳೇ ಕಾಕ್‌ಗಳನ್ನು ಕೊಟ್ಟು ನೆಟ್ಟಿನ ಮೇಲಿಂದ ಹಿಂದಿನ ಗೆರೆಯ ತನಕ ಬರೀ ಕೈಯಲ್ಲಿ ಎಸೆಯಲು ಬಿಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಐದು ನಿಮಿಷ. ಕಾಕ್ ಹಗುರ, ಬರೀ 5 ಗ್ರಾಂ ಆಸುಪಾಸು. ಜೋರಾಗಿ ತಳ್ಳಿದರೆ ಹೋಗುವುದಿಲ್ಲ, ಕೈ ಚಾಟಿಯಾದರೆ ಮಾತ್ರ ಹೋಗುತ್ತದೆ. ಕಾಕೇ ಮೇಷ್ಟ್ರು.

ಬೇರೆ ಹೊಡೆತಗಳಿಗೂ ಇಂಥ ಒಂದೊಂದು ಮಾತು ಕಟ್ಟಿಕೊಳ್ಳಿ. ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪ್‌ಗೆ "ನೆಟ್ ಮೇಲೆ ಒಣಗಿ ಹಾಕು" ಅನ್ನುತ್ತೇನೆ, ಬಟ್ಟೆ ಒಣಗಿ ಹಾಕಿದ ಹಾಗೆ ಆಚೆ ಜೋತು ಬೀಳಬೇಕು. ಸ್ಮ್ಯಾಶ್‌ಗೆ "ಎದುರಿನ ಗೆರೆಗೆ ಮೊಳೆ ಹೊಡಿ". ನಿಮ್ಮ ಊರಿನ ಮಕ್ಕಳಿಗೆ ಯಾವುದು ಗೊತ್ತೋ ಅದು. ನನ್ನ ಮಾತನ್ನೇ ಕದಿಯಬೇಡಿ, ಮಾವಿನ ಮರ ಇಲ್ಲದ ಕಡೆ ಅದು ಕೆಲಸ ಮಾಡುವುದಿಲ್ಲ.

ಹೇಳುವ ಬದಲು ಕಟ್ಟಿ ಇಡಿ

ಶಾರ್ಟ್ ಸರ್ವ್, ಅಂದರೆ ನೆಟ್ಟಿನ ಆಚೆ ಹತ್ತಿರಕ್ಕೇ ಬೀಳುವ ಸರ್ವ್, ತಗ್ಗಾಗಿ ಹೋಗಬೇಕು. ಇದನ್ನು ನೂರು ಸಲ ಹೇಳಬಹುದು. ಅಥವಾ ನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಇನ್ನೊಂದು ದಾರ ಕಟ್ಟಿ, "ಸಂದಿಯಲ್ಲಿ ನುಗ್ಗಿಸು" ಅಂದು ಸುಮ್ಮನಿರಬಹುದು. ಹದಿನೈದು ನಿಮಿಷದಲ್ಲಿ ಮಗು ತಾನೇ ಬ್ಯಾಟನ್ನು ಮುಂದೆ ಚಾಚಿ, ತಳ್ಳುವ ಬಲ ಕಡಿಮೆ ಮಾಡಿ, ದಾರಿ ಹುಡುಕಿಕೊಂಡಿರುತ್ತದೆ. ಸರ್ವ್ ಹೊಡೆಯುವಾಗ ಕಾಕ್ ನೆಲದಿಂದ 1.15 ಮೀಟರ್ ಎತ್ತರಕ್ಕಿಂತ ಕೆಳಗಿರಬೇಕು ಅನ್ನುವ ನಿಯಮವೂ ಇದೆ. ಅದಕ್ಕೂ ಭಾಷಣ ಬೇಡ. ಗೋಡೆಯ ಮೇಲೆ ಆ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ.

ಕ್ಲಿಯರ್ ಎತ್ತರಕ್ಕೆ ಹೋಗುತ್ತಿಲ್ಲವೇ? ಕೋರ್ಟಿನ ನಡುವೆ ಎರಡು ಆಳೆತ್ತರಕ್ಕೆ ಹಗ್ಗ ಕಟ್ಟಿ, ಅದರ ಮೇಲಿಂದ ಹೋದರೆ ಮಾತ್ರ ಪಾಯಿಂಟ್. ಎಲ್ಲರೂ ಕೋರ್ಟಿನ ಮಧ್ಯಕ್ಕೇ ಹೊಡೆಯುತ್ತಿದ್ದರೆ ಮಧ್ಯದಲ್ಲಿ ನಾಲ್ಕು ಹಳೇ ಪೇಪರ್ ಹಾಸಿ, ಪೇಪರ್ ಮೇಲೆ ಬಿದ್ದರೆ ಎದುರಿನವರಿಗೆ ಎರಡು ಪಾಯಿಂಟ್. ಮೂಲೆಗಳಲ್ಲಿ ಸೈಕಲ್ ಟೈರ್ ಇಡಿ. ಹಿಂದೆ ಮುಂದೆ ಆಡುವುದು ಅರ್ಥವಾಗಬೇಕಾದರೆ ಅರ್ಧ ಕೋರ್ಟ್ ಸಿಂಗಲ್ಸ್‌ಗಿಂತ ಒಳ್ಳೆಯ ಪಾಠವಿಲ್ಲ. ಅಗಲ ಇಲ್ಲದ ಮೇಲೆ ಉಳಿಯುವುದು ಉದ್ದ ಒಂದೇ.

ಹೀಗೆ ಕಟ್ಟುವಾಗ ಒಂದು ಎಚ್ಚರ. ಆಟ ತೀರಾ ಸುಲಭವಾದರೆ ಗಲಾಟೆ ಶುರುವಾಗುತ್ತದೆ, ತೀರಾ ಕಷ್ಟವಾದರೆ ಎಲ್ಲರಿಗೂ ಬಾಯಾರಿಕೆಯಾಗುತ್ತದೆ. ನೀರಿನ ಬಾಟಲಿ ಕಡೆ ಓಡಾಟ ಜಾಸ್ತಿಯಾಯಿತು ಅಂದರೆ ಸರ್ವ್ ದಾರವನ್ನು ಸ್ವಲ್ಪ ಮೇಲಕ್ಕೆ ಕಟ್ಟಿ. ಹತ್ತರಲ್ಲಿ ಆರೇಳು ಸರಿ ಬರುತ್ತಿದ್ದರೆ ನನ್ನ ಲೆಕ್ಕದಲ್ಲಿ ಹದ ಸರಿ ಇದೆ.

ಕಾಕ್ ಎಸೆದು ಕೊಡುವುದು

ಕೋಚ್ ಕೈಯಲ್ಲಿ ನಲವತ್ತು ಹಳೇ ಕಾಕ್ ಹಿಡಿದು ಒಂದಾದ ಮೇಲೆ ಒಂದು ಎಸೆಯುವುದನ್ನು ಎಲ್ಲಾ ಹಾಲ್‌ನಲ್ಲೂ ನೋಡಿರುತ್ತೀರಿ. ಒಳ್ಳೆಯದೇ. ಆದರೆ ಬಹಳ ಕೋಚ್‌ಗಳು ವೇಗವಾಗಿ ಎಸೆಯುವುದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದಾರೆ. ಮಗು ಒಂದನ್ನು ಹೊಡೆದು ಎಲ್ಲಿ ಬಿತ್ತು ಅಂತ ನೋಡುವ ಮುಂಚೆ ಇನ್ನೊಂದು ಮುಖಕ್ಕೆ ಬಂದಿರುತ್ತದೆ. ಅದು ದಮ್ಮು ಹೆಚ್ಚಿಸುವ ವ್ಯಾಯಾಮ, ಕಲಿಕೆ ಅಲ್ಲ. ಕಲಿಯುವಾಗ ಕಾಕ್ ಬೀಳುವುದನ್ನು ನೋಡಲು ಬಿಡಿ, ಮಗು ಮತ್ತೆ ಜಾಗಕ್ಕೆ ಬರಲಿ, ಆಮೇಲೆ ಎಸೆಯಿರಿ. ಎಂಟು ಹತ್ತು ಕಾಕ್ ಸಾಕು, ಇನ್ನೊಬ್ಬರಿಗೆ ಸರದಿ. ಹೊಡೆಯದವರು ಕಾಕ್ ಹೆಕ್ಕಲಿ. ಹೆಕ್ಕುವವರಿಗೆ ಗುರಿ ಎಣಿಸುವ ಕೆಲಸವನ್ನೂ ಕೊಟ್ಟರೆ ಅವರ ಕಣ್ಣೂ ಕೋರ್ಟಿನ ಮೇಲೇ ಇರುತ್ತದೆ.

ಕಲಸಿ ಕೊಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನನ್ನ ಕಲಿಸುವ ರೀತಿಯನ್ನು ಅತಿ ಹೆಚ್ಚು ಬದಲಾಯಿಸಿದ್ದು ಇದು.

ನಾವೆಲ್ಲ ಕಲಿತದ್ದು ಹೇಗೆ? ಐವತ್ತು ಶಾರ್ಟ್ ಸರ್ವ್, ಆಮೇಲೆ ಐವತ್ತು ಲಾಂಗ್ ಸರ್ವ್, ಆಮೇಲೆ ಐವತ್ತು ಡ್ರೈವ್ ಸರ್ವ್ (ತಗ್ಗಾಗಿ ವೇಗವಾಗಿ ಹೋಗುವುದು). ಒಂದನ್ನು ಅರೆದು ಕುಡಿದು ಇನ್ನೊಂದಕ್ಕೆ ಹೋಗುವುದು. 1986ರಲ್ಲಿ ಸಿನಾ ಗುಡ್ ಮತ್ತು ರಿಚರ್ಡ್ ಮ್ಯಾಗಿಲ್ ಅನ್ನುವ ಇಬ್ಬರು ಇದೇ ಮೂರು ಸರ್ವ್ ಇಟ್ಟುಕೊಂಡು ಹೊಸಬರ ಮೇಲೆ ಪರೀಕ್ಷೆ ಮಾಡಿದರು. ಒಂದು ಗುಂಪು ಒಂದೊಂದೇ ಸರ್ವನ್ನು ಸಾಲಾಗಿ ಅಭ್ಯಾಸ ಮಾಡಿತು. ಇನ್ನೊಂದು ಗುಂಪಿಗೆ ಮೂರನ್ನೂ ಕಲಸಿ ಕೊಟ್ಟರು, ಮುಂದಿನದು ಯಾವುದು ಅಂತ ಗೊತ್ತಿಲ್ಲದ ಹಾಗೆ. ಆಮೇಲೆ ಎಷ್ಟು ಉಳಿದಿದೆ ಅಂತ ಪರೀಕ್ಷಿಸಿದಾಗ ಕಲಸಿ ಕಲಿತವರೇ ಮುಂದಿದ್ದರು. ಅಷ್ಟೇ ಅಲ್ಲ, ಅಭ್ಯಾಸ ಮಾಡಿದ್ದು ಬಲಗಡೆ ಕೋರ್ಟಿನಿಂದ. ಎಡಗಡೆಯಿಂದ ಹೊಡೆಸಿ ನೋಡಿದಾಗಲೂ ಅವರೇ ಮುಂದೆ.

ಯಾಕೆ ಹೀಗೆ? ಒಂದೇ ಹೊಡೆತವನ್ನು ಐವತ್ತು ಸಲ ಹೊಡೆಯುವಾಗ ಮೂರನೆಯದರ ನಂತರ ತಲೆ ಮಲಗಿಬಿಡುತ್ತದೆ, ಕೈ ಮಾತ್ರ ನಡೆಯುತ್ತಿರುತ್ತದೆ. ಹೊಡೆತ ಬದಲಾದಾಗ ಪ್ರತಿ ಸಲವೂ ತಲೆ ಹೊಸದಾಗಿ ಲೆಕ್ಕ ಹಾಕಬೇಕು, ಮೊದಲು ಕಲಿತದ್ದನ್ನು ಮತ್ತೆ ನೆನಪಿಗೆ ತಂದುಕೊಳ್ಳಬೇಕು. ಪಂದ್ಯದಲ್ಲಿ ಆಗುವುದೂ ಅದೇ ತಾನೇ? ಎದುರಿನವರು ಐವತ್ತು ಸಲ ಒಂದೇ ಕಡೆ ಹಾಕಿಕೊಡುತ್ತಾರಾ?

ಮಾಡುವುದು ಹೀಗೆ. ಹೊಸ ಹೊಡೆತ ಕಲಿಸುವ ಮೊದಲ ಒಂದೆರಡು ದಿನ ಅದೊಂದನ್ನೇ ಆಡಿಸಿ. ಏನೂ ಗೊತ್ತಿಲ್ಲದ ಮಗುವಿಗೆ ಮೊದಲೇ ಕಲಸಿ ಕೊಟ್ಟರೆ ಗೊಂದಲವಾಗುತ್ತದೆ. ಹತ್ತಕ್ಕೆ ಐದು ಬರಲು ಶುರುವಾದ ತಕ್ಷಣ ಬೇರೆ ಹೊಡೆತದ ಜೊತೆ ಬೆರೆಸಿ: ಒಂದು ಕ್ಲಿಯರ್, ಎರಡು ಡ್ರಾಪ್, ಮತ್ತೆ ಒಂದು ಕ್ಲಿಯರ್, ನೆಟ್ ಹತ್ತಿರ ಒಂದು. ನೀವು ಎಲ್ಲಿಗೆ ಎಸೆಯುತ್ತೀರಿ ಅಂತ ಮಗುವಿಗೆ ಗೊತ್ತಾಗಬಾರದು. ಸರ್ವ್‌ಗಾದರೆ ಕಾಕ್ ಡಬ್ಬಿಯ ಮುಚ್ಚಳದಲ್ಲಿ ಮೂರು ಬಣ್ಣದ ಚೀಟಿ ಹಾಕಿ, ತೆಗೆದ ಬಣ್ಣದ ಸರ್ವ್ ಹೊಡೆಯಲಿ.

ಇದರಲ್ಲಿ ಒಂದು ಸಂಕಟ ಇದೆ. ಕಲಸಿದ ದಿನ ಅಭ್ಯಾಸ ನೋಡಲು ಚೆನ್ನಾಗಿರುವುದಿಲ್ಲ, ತಪ್ಪು ಜಾಸ್ತಿ. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ "ಪಕ್ಕದ ಕೋಚ್ ಹತ್ರ ಎಷ್ಟು ನೀಟಾಗಿ ಹೊಡೀತಾರೆ" ಅನ್ನಿಸುತ್ತದೆ. ಒಬ್ಬರು ತಂದೆ ನನಗೆ ನೇರವಾಗೇ ಕೇಳಿದರು, "ಏನ್ ಸಾರ್, ಫೀಸ್ ಕೊಟ್ಟು ತಪ್ಪು ಹೊಡೆಸ್ತಾ ಇದೀವಾ?" ನಾನು ವಾದ ಮಾಡಲಿಲ್ಲ. ಒಂದು ವಾರ ಬಿಟ್ಟು ಸೋಮವಾರ ಬೇಗ ಬನ್ನಿ, ಯಾವ ಅಭ್ಯಾಸವೂ ಇಲ್ಲದೆ ಮೊದಲ ಹತ್ತು ಸರ್ವ್ ಎಣಿಸಿ ಅಂದೆ. ಈಗ ಎಲ್ಲಾ ಪೋಷಕರಿಗೂ ಅದನ್ನೇ ಹೇಳುತ್ತೇನೆ. ನಿನ್ನೆಯ ಕೊನೆಯ ಹತ್ತು ಲೆಕ್ಕಕ್ಕಿಲ್ಲ, ಇವತ್ತಿನ ಮೊದಲ ಹತ್ತು ಲೆಕ್ಕ. ನನ್ನ ನೋಟ್‌ಬುಕ್ಕಿನಲ್ಲಿ ಬರೆಯುವುದೂ ಅದನ್ನೇ.

ತಿದ್ದುವುದು

ಪ್ರತಿ ಹೊಡೆತಕ್ಕೂ ಏನಾದರೂ ಹೇಳುವ ಕೋಚ್ ಕೆಳಗೆ ಬೆಳೆದ ಮಗು ಪ್ರತಿ ಹೊಡೆತದ ನಂತರ ತಿರುಗಿ ನೋಡುತ್ತದೆ. ಊರುಗೋಲು ಇದ್ದ ಹಾಗೆ. ಪಂದ್ಯದಲ್ಲಿ ಊರುಗೋಲು ಸಿಗುವುದಿಲ್ಲ. ಹಾಗಾಗಿ ನಾನು ಒಂದು ನಿಯಮ ಹಾಕಿಕೊಂಡಿದ್ದೇನೆ: ಒಂದೇ ತಪ್ಪು ಐದು ಸಲ ಕಾಣುವ ತನಕ ಬಾಯಿ ಬಿಡುವುದಿಲ್ಲ. ಜೇಬಿನಲ್ಲಿ ಐದು ಹುಣಸೆಬೀಜ ಇಟ್ಟುಕೊಂಡು ಈ ಜೇಬಿನಿಂದ ಆ ಜೇಬಿಗೆ ಹಾಕುತ್ತಾ ಕಲಿತೆ. ನಗಬೇಡಿ, ಸುಮ್ಮನಿರುವುದಕ್ಕೂ ಅಭ್ಯಾಸ ಬೇಕು. ಅರ್ಧಕ್ಕರ್ಧ ತಪ್ಪು ಮೂರನೇ ಬೀಜಕ್ಕೇ ತಾನಾಗಿ ಸರಿಯಾಗಿರುತ್ತದೆ.

ಐದೂ ಬೀಜ ಖಾಲಿಯಾದರೆ ಮೊದಲು ಕೇಳಿ, ಆಮೇಲೆ ಹೇಳಿ. ಒಂಬತ್ತು ವರ್ಷದ ಒಬ್ಬಳು ಹುಡುಗಿಯ ಕ್ಲಿಯರ್ ಎಲ್ಲಾ ಎತ್ತರಕ್ಕೆ ಹೋಗಿ ಮಧ್ಯದಲ್ಲೇ ಬೀಳುತ್ತಿತ್ತು.

"ಎಲ್ಲಿ ಬೀಳ್ತಾ ಇದೆ ಮರಿ?"

"ಮಧ್ಯದಲ್ಲಿ."

"ಬ್ಯಾಟಿಗೆ ತಾಗುವಾಗ ಕಾಕ್ ಎಲ್ಲಿತ್ತು?"

ಸ್ವಲ್ಪ ಯೋಚಿಸಿ ತನ್ನ ನೆತ್ತಿಯ ಹಿಂದಕ್ಕೆ ಕೈ ತೋರಿಸಿದಳು. "ಇಲ್ಲಿ."

"ಕಲ್ಲು ಅಲ್ಲಿಂದ ಬೀರ್ತೀಯಾ?"

"ಇಲ್ಲ." ಹಿಂದಕ್ಕೆ ಎರಡು ಹೆಜ್ಜೆ ಜಾಸ್ತಿ ಓಡಿದಳು, ಮುಂದಿನ ಕಾಕ್ ಹಿಂದಿನ ಗೆರೆ ಹತ್ತಿರ. ತೊಂದರೆ ಕೈಯಲ್ಲಿ ಇರಲೇ ಇಲ್ಲ, ಕಾಲಲ್ಲಿತ್ತು. ಶಟಲ್‌ನಲ್ಲಿ ಕೈಯ ತಪ್ಪು ಅಂತ ಕಾಣುವುದರಲ್ಲಿ ಬಹುಪಾಲು ಕಾಲಿನದೇ.

ಹೊಗಳುವಾಗಲೂ ಏನನ್ನು ಅಂತ ಹೇಳಿ. "ಸೂಪರ್" ಅನ್ನುವುದು ಖಾಲಿ ಪೊಟ್ಟಣ. "ಈ ಸಲ ಕಾಕ್ ಕೆಳಗೆ ಮೊದಲೇ ಹೋಗಿ ನಿಂತೆ" ಅಂದರೆ ಮಗುವಿಗೆ ಏನನ್ನು ಮತ್ತೆ ಮಾಡಬೇಕು ಅಂತ ಗೊತ್ತಾಗುತ್ತದೆ. ಮೊಬೈಲ್‌ನಲ್ಲಿ ವಿಡಿಯೋ ತೆಗೆಯಿರಿ, ಆದರೆ ವಾರಕ್ಕೊಂದು ಸಾಕು, ಪೋಷಕರಿಗೆ ಹೇಳಿ, ಮೊದಲು ಮಗುವಿಗೇ ತೋರಿಸಿ "ಏನು ಕಾಣ್ತು?" ಅಂತ ಕೇಳಿ ಸುಮ್ಮನಿರಿ.

ಕಾಲು

ಎದುರಿನವರು ಹೊಡೆಯುವ ಕ್ಷಣದಲ್ಲಿ ಎರಡೂ ಕಾಲ ಮೇಲೆ ಒಂದು ಪುಟ್ಟ ಕುಪ್ಪಳಿಕೆ, ಅದು ಸ್ಪ್ಲಿಟ್ ಸ್ಟೆಪ್. ಕುಂಟೆಬಿಲ್ಲೆ ಆಡಿದ ಮಕ್ಕಳಿಗೆ ಇದು ಅರ್ಧ ನಿಮಿಷದಲ್ಲಿ ಬರುತ್ತದೆ. ಒಬ್ಬರು ಹೊಡೆಯಲಿ, ಉಳಿದವರು ಅವರ ಬ್ಯಾಟಿಗೆ ಕಾಕ್ ತಾಗುವ ಸದ್ದಿಗೆ ಸರಿಯಾಗಿ ಕುಪ್ಪಳಿಸಲಿ. ಕಾಕ್ ಇಲ್ಲದೆ ಆರು ಮೂಲೆಗೆ ಓಡುವ ಶ್ಯಾಡೋ ನನಗೆ ಅಷ್ಟು ಇಷ್ಟವಿಲ್ಲ, ಅಲ್ಲಿ ನೋಡಿ ನಿರ್ಧರಿಸುವುದು ಇರುವುದಿಲ್ಲ. ಮಾಡಿಸಲೇಬೇಕಾದರೆ ಒಬ್ಬರು ಎದುರು ನಿಂತು ಮೂಲೆ ತೋರಿಸಲಿ.

ನೆಟ್ ಹತ್ತಿರ ಒಂದು ಕಾಲನ್ನು ಉದ್ದಕ್ಕೆ ಮುಂದಿಟ್ಟು ಬಗ್ಗುವ ಲಾಂಜ್‌ನಲ್ಲಿ ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಮಂಡಿ ಕಾಲ್ಬೆರಳ ದಿಕ್ಕಿಗೇ ಇರಬೇಕು. ಹತ್ತರಿಂದ ಹದಿನೈದರ ಮಕ್ಕಳು ಎತ್ತರ ಬೆಳೆಯುವ ಹೊತ್ತಿನಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು ಅನ್ನುತ್ತಾರೆ. ನೆಪ ಅಂತ ತಳ್ಳಿಹಾಕಬೇಡಿ. ಆ ವಯಸ್ಸಿನಲ್ಲಿ ಅದು ಸಾಮಾನ್ಯ. ಜಿಗಿತ, ಲಾಂಜ್ ಕಡಿಮೆ ಮಾಡಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಲು ಹೇಳಿ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿಯ ಸ್ಮ್ಯಾಶ್ 2023ರಲ್ಲಿ ಗಂಟೆಗೆ 565 ಕಿ.ಮೀ. ಅಂತ ಗಿನ್ನೆಸ್ ದಾಖಲೆಯಾದ ಮೇಲೆ ಎಲ್ಲರಿಗೂ ಜಂಪ್ ಸ್ಮ್ಯಾಶೇ ಬೇಕು. ಬೇಕು ಅನ್ನಲಿ, ನೀವು ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಕೊಡಬೇಡಿ.

ಒಂದೂವರೆ ಗಂಟೆ

ನನ್ನ ಸಂಜೆ ಹೀಗಿರುತ್ತದೆ. ಬಂದ ತಕ್ಷಣ, ಮೈ ಬಿಸಿಯಾಗುವ ಮುಂಚೆ, ಹತ್ತು ಸರ್ವ್ ಎಣಿಕೆ. ಹತ್ತು ನಿಮಿಷ ಮುಟ್ಟಾಟ, ಕೋರ್ಟಿನ ಗೆರೆಗಳ ಮೇಲೆ ಮಾತ್ರ ಓಡಬೇಕು. ಆಮೇಲೆ ಕಾಲು ಗಂಟೆ ಚಿಕ್ಕ ಆಟ. ಅಲ್ಲಿ ಕಂಡ ಒಂದು ತೊಂದರೆ ಹಿಡಿದು ಇಪ್ಪತ್ತೈದು ನಿಮಿಷ ಆ ಹೊಡೆತದ ಅಭ್ಯಾಸ, ಅರ್ಧ ಒಂದೇ ಥರ, ಅರ್ಧ ಕಲಸಿ. ಉಳಿದದ್ದೆಲ್ಲ ಪಂದ್ಯ, ಆ ಹೊಡೆತದಲ್ಲಿ ಗೆದ್ದರೆ ಎರಡು ಪಾಯಿಂಟ್. ಕೊನೆಯ ಐದು ನಿಮಿಷ ಕಾಕ್ ಹೆಕ್ಕುವುದು, ಎಣಿಸುವುದು. ಯಾವಾಗಲೂ ಎರಡು ಕಡಿಮೆ ಇರುತ್ತದೆ, ಚಾವಣಿಯ ತಗಡಿನ ಸಂದಿ ನೋಡಿ.

ಪಂದ್ಯದಲ್ಲಿ ಕುರ್ಚಿ ಮೇಲೆ

ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ, ಮದುವೆಗೆ ಬಾಡಿಗೆ ಕೊಡುವ ಹಾಲ್ ಅದು. 1980ರ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಎದುರಿದ್ದರು, ಆ ಕಾಲದ ಭಯಂಕರ ಸ್ಮ್ಯಾಶ್ ಅವರದು. ಪ್ರಕಾಶ್ ಆ ಬಲಕ್ಕೆ ಬಲ ಕೊಡಲು ಹೋಗಲಿಲ್ಲ, ವೇಗ ಏರಿಳಿಸುತ್ತಾ ಎದುರಿನವರಿಗೆ ಬೇಕಾದ ಕಾಕ್ ಸಿಗದ ಹಾಗೆ ಆಡಿ 15–3, 15–10ರಲ್ಲಿ ಗೆದ್ದರು. ದೊಡ್ಡ ಮಕ್ಕಳಿಗೆ ನಾನು ಈ ಕಥೆ ಹೇಳುವುದು ಒಂದೇ ಕಾರಣಕ್ಕೆ. ಎದುರಿನವರನ್ನು ಓದುವುದೂ ಒಂದು ಹೊಡೆತ, ಅದನ್ನೂ ಅಭ್ಯಾಸ ಮಾಡಬೇಕು.

ಅದಕ್ಕೆ ಪಂದ್ಯ ನಡೆಯುವಾಗ ನಾನು ಕೂಗುವುದಿಲ್ಲ. ಯಾರಾದರೂ 11 ಪಾಯಿಂಟ್ ಮುಟ್ಟಿದಾಗ ಒಂದು ನಿಮಿಷ ವಿರಾಮ ಸಿಗುತ್ತದೆ. ಮೊದಲ ಇಪ್ಪತ್ತು ಸೆಕೆಂಡ್ ನೀರು, ಟವೆಲ್. ಆಮೇಲೆ ಒಂದೇ ಪ್ರಶ್ನೆ. ಹೋದ ತಿಂಗಳು, ಕ್ಲಿಯರ್ ಮಧ್ಯದಲ್ಲೇ ಬೀಳುತ್ತಿದ್ದ ಅದೇ ಹುಡುಗಿ 7–11ರಲ್ಲಿ ಹಿಂದೆ ಇದ್ದಳು. ಅವಳ ಅಮ್ಮ ಗ್ಯಾಲರಿಯಿಂದ "ಹಿಂದೆ ಹಾಕು, ಹಿಂದೆ ಹಾಕು" ಅಂತ ಕೂಗುತ್ತಿದ್ದರು.

"ಅವಳಿಗೆ ಯಾವ ಕಡೆ ಇಷ್ಟ ಇಲ್ಲ?" ಅಂದೆ.

ಬಾಟಲಿ ಮುಚ್ಚಳ ತಿರುಗಿಸುತ್ತಾ ನೆಟ್ಟಿನ ಆಚೆ ನೋಡಿದಳು. "ಮುಂದೆ ಬಂದ್ರೆ ಎಡಗಡೆ ಬಗ್ಗಲ್ಲ ಸಾರ್."

"ಹಾಗಾದ್ರೆ?"

ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಕೋರ್ಟಿಗೆ ಹೋದಳು.